ನೀರು ಬೇಡದ ಹೂವು

ಚಿತ್ರ ನೋಡದೆ "ಆಯ್ತು" ಅಂದದ್ದೇ ಹೂವಿನಂಗಡಿಯವನ ತಪ್ಪು. ಚಿತ್ರಶಾಲೆಯ ಮುಖ್ಯಸ್ಥೆ ಫೋನಿನಲ್ಲಿ ಕೇಳಿದ್ದು ಇಷ್ಟೆ: ತಮ್ಮ ಗೋಡೆಯ ಮೇಲಿರುವ ಹಳೆಯ ಹೂದಾನಿಯ ಚಿತ್ರದಲ್ಲಿರುವಂಥದೇ ಗುಚ್ಛ ಸಂಜೆಯ ಪ್ರದರ್ಶನಕ್ಕೆ ಬೇಕು. ಮೆಚ್ಚುಗೆಯಾದರೆ ಇನ್ನು ವಾರವಾರವೂ ಹಜಾರಕ್ಕೆ ಅವನದೇ ಹೂವು. ನೊಣ ಹೊಡೆಯುತ್ತ ಕೂತಿದ್ದವನಿಗೆ ಇನ್ನೇನು ಬೇಕು?

ಬೆಳಿಗ್ಗೆ ಹೋಗಿ ಚಿತ್ರದ ಮುಂದೆ ನಿಂತ. ನಿಂತವನು ನಿಂತೇ ಇದ್ದ. ಕತ್ತಲೆಯ ಹಿನ್ನೆಲೆಯಲ್ಲಿ ಒಂದೊಂದು ಹೂವೂ ಈಗಷ್ಟೇ ಅರಳಿದಂತಿತ್ತು. ಎಲೆಯ ತುದಿಯಲ್ಲೊಂದು ನೀರಿನ ಹನಿ, ಆ ಹನಿಯೊಳಗೊಂದು ಕಿಟಕಿಯ ಪ್ರತಿಬಿಂಬ. ಹೂವಿನ ನಡುವೆಯೇ ಬೆಳೆದ ತಾನು ಇದುವರೆಗೆ ಹೂವನ್ನೇ ನೋಡಿಲ್ಲವೇನೋ ಅನ್ನಿಸಿ ಅವನ ಮೈ ಜುಮ್ಮೆಂದಿತು. ಹನಿ ಬಿದ್ದೀತೆಂದು ಅಂಗೈ ಚಾಚಿದಾಗ ಕಾವಲುಗಾರ ಕೆಮ್ಮಿದ.

ಆಮೇಲೆ ಹೂಗಳನ್ನು ಒಂದೊಂದಾಗಿ ಎಣಿಸಿದ. ವಸಂತದ ಟ್ಯೂಲಿಪ್, ಬೇಸಿಗೆಯ ಲಿಲ್ಲಿ, ಮಳೆ ಮುಗಿದ ಮೇಲಿನ ಚೆಂಡುಹೂವು, ಎಲ್ಲ ಒಂದೇ ಹೂದಾನಿಯಲ್ಲಿ! ಈಗ ಸಿಗುವುದು ಚೆಂಡುಹೂವು ಮಾತ್ರ.

ಮಾರುಕಟ್ಟೆ ಸುತ್ತಿ ಸುಣ್ಣವಾಗಿ ಬಂದವನನ್ನು ಪಕ್ಕದಂಗಡಿಯ ದರ್ಜಿ ಹಿಡಿದ. ಕರೆಯದೆ ಬಂದು ಉಪಕಾರ ಮಾಡುವುದು ಅವನ ಹುಟ್ಟುಗುಣ. ಮಧ್ಯಾಹ್ನದೊಳಗೆ ರೇಷ್ಮೆಯ ಚೂರುಗಳಲ್ಲಿ ಟ್ಯೂಲಿಪ್ಪು, ಲಿಲ್ಲಿ ಎಲ್ಲ ಹೊಲಿದುಕೊಟ್ಟ. ಹೂವು ಕಂಡರೆ ನೀರು ಚಿಮುಕಿಸುವ ಅಭ್ಯಾಸ ಎಲ್ಲಿ ಹೋಗಬೇಕು? ಹೂವಿನವನು ಚಿಮುಕಿಸಿಯೇಬಿಟ್ಟ. ಟ್ಯೂಲಿಪ್ಪಿನ ಕೆಂಪು ಲಿಲ್ಲಿಗೆ ಇಳಿಯಿತು. ದರ್ಜಿ ಬೈಯುತ್ತಲೇ ಇನ್ನೊಮ್ಮೆ ಹೊಲಿದ.

ಸಂಜೆ ಮುಖ್ಯಸ್ಥೆ ಗುಚ್ಛದ ಹತ್ತಿರ ಬಂದು ಒಂದು ದಳ ಮುಟ್ಟಿದರು. ಹೂವಿನವನು ಎಲ್ಲವನ್ನೂ ಒಪ್ಪಿಕೊಂಡುಬಿಟ್ಟ.

ಅವರು ಸಿಟ್ಟಾಗಲಿಲ್ಲ; ಗೋಡೆಯ ಚಿತ್ರದತ್ತ ಕೈ ತೋರಿದರು. "ಈ ಕಲಾವಿದನೂ ಇದನ್ನೇ ಮಾಡಿದ್ದು ಕಣ್ರೀ. ಇಂಥ ಗುಚ್ಛ ಯಾವ ಮೇಜಿನ ಮೇಲೂ ಇರಲಿಲ್ಲ. ಒಂದೊಂದು ಹೂವು ಅರಳೋವರೆಗೂ ಕಾದು, ಒಂದೊಂದನ್ನೇ ನೋಡಿ ಬರೆದು ಸೇರಿಸಿದ. ರಾಜರನ್ನ, ಯುದ್ಧಗಳನ್ನ ಬರೆಯೋರು ಹೂವು ಬರೆಯೋರನ್ನ ಕೊನೇ ಸಾಲಲ್ಲಿ ಕೂರಿಸಿದ್ರು. ಆ ರಾಜರ ಹೆಸರು ಈಗ ಯಾರಿಗೆ ನೆನಪಿದೆ? ಈ ಹನಿ ನೋಡಿ, ಇನ್ನೂ ಬಿದ್ದಿಲ್ಲ."

ಹೂವಿನವನ ಕಣ್ಣು ತುಂಬಿ ಬಂತು. ವಾರದ ಹೂವಿನ ಮಾತನ್ನು ಮೆಲ್ಲಗೆ ನೆನಪಿಸಿದ.

"ಖಂಡಿತ ಬೇಕು," ಎಂದರು ಅವರು. "ಇದನ್ನ ಹೊಲಿದವರನ್ನ ನಾಳೆ ಕಳಿಸಿಕೊಡಿ."

ಸುದ್ದಿ ಕೇಳಿ ದರ್ಜಿ ಅವನ ಹೆಗಲ ಮೇಲೆ ಕೈಯಿಟ್ಟ. "ಬೇಜಾರು ಮಾಡ್ಕೋಬೇಡಪ್ಪ, ನಿನ್ನ ಕೈಬಿಡಲ್ಲ. ನೋಡ್ಕೊಂಡು ಹೊಲಿಯೋಕೆ ವಾರಕ್ಕೆ ನಿಜವಾದ ಹೂವು ಬೇಕಲ್ಲ, ನಿನ್ನ ಹತ್ರಾನೇ ತಗೋತೀನಿ. ಒಂದೇ ಸಾಕು."