ಕೌನ್ಸಿಲ್ಲಿನಲ್ಲಿ ಸೈರನ್ ಪಾಸಾದದ್ದು

ನಾಲ್ಕು ಜನ ದೊಡ್ಡವರನ್ನು ಒಂದು ಮೇಜಿನ ಸುತ್ತ ಕೂರಿಸಿ ಮುಂದೆ ಮೈಕ್ ಇಟ್ಟರೆ ಸಾಕು, ನಗುವಂಥದ್ದು ಒಂದಲ್ಲ ಒಂದು ನಡೆದೇ ನಡೆಯುತ್ತದೆ. ಆ ಮೈಕ್ ಇಡುತ್ತಿದ್ದವನು ನಾನೇ ಆದ್ದರಿಂದ ಈ ಮಾತನ್ನು ಧೈರ್ಯವಾಗಿ ಹೇಳುತ್ತೇನೆ.

ಶಾಲೆಯನ್ನು ನಾನು ಆರನೇ ಕ್ಲಾಸಿಗೇ ಬಿಟ್ಟೆ. ಆಮೇಲೆ ಹರಿಹರದ ಬಸ್ಸಿನಲ್ಲಿ ಕ್ಲೀನರ್ ಆದೆ, ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಉರಿ ಹಾಕಿದೆ, ಉಕ್ಕಡಗಾತ್ರಿಗೆ ಹೋಗಿ ಭಕ್ತರಿಗೆ ತೆಂಗಿನಕಾಯಿ ಮಾರಿದೆ. ಕಾಲು ಒಂದು ಕಡೆ ನಿಲ್ಲಲಿಲ್ಲ. ದಾವಣಗೆರೆ ಹೊಸದಾಗಿ ಜಿಲ್ಲೆಯಾದ ಹೊತ್ತಿಗೆ ಒಂದು ಮೈಕ್ ಸೆಟ್ ಅಂಗಡಿಗೆ ಬಂದು ಬಿದ್ದಿದ್ದೆ. ನಗರಸಭೆಯ ಕೌನ್ಸಿಲ್ ಹಾಲಿನ ಮೈಕ್ ನಮ್ಮ ಅಂಗಡಿಯದೇ. ಸಭೆ ಇದ್ದಾಗಲೆಲ್ಲ ಮೂಲೆಯಲ್ಲಿ ಆಂಪ್ಲಿಫೈಯರ್ ಮುಂದೆ ಕೂತು, ಕೂಗಾಡುವವರ ದನಿ ಇಳಿಸುವುದು, ಗೊಣಗುವವರ ದನಿ ಏರಿಸುವುದು ನನ್ನ ಕೆಲಸ. ಊರಿನ ದೊಡ್ಡ ಮನುಷ್ಯರ ಕಂಠವೆಲ್ಲ ನನ್ನ ಹೆಬ್ಬೆರಳಿನ ತುದಿಯಲ್ಲಿತ್ತು.

ಖಾಲಿ ಡಬ್ಬಿ

ಹಾಲಿನ ಹಿಂದುಗಡೆ ಸಾರ್ವಜನಿಕರಿಗೆ ಅಂತ ಒಂದು ಬೆಂಚು. ಅಲ್ಲಿ ಕೂಡುತ್ತಿದ್ದ ಸಾರ್ವಜನಿಕರು ಒಬ್ಬರೇ, ಒಬ್ಬ ಅಜ್ಜ. ಖಾಕಿ ಅಂಗಿ, ತೊಡೆಯ ಮೇಲೆ ಊಟದ ಡಬ್ಬಿ. ನೀರಿನ ವಿಷಯ ಬರಲಿ, ಹಂದಿ ಕಾಟದ ವಿಷಯ ಬರಲಿ, ಎಲ್ಲವನ್ನೂ ಒಂದೇ ಮುಖದಲ್ಲಿ ಕೇಳುತ್ತಿದ್ದ.

ಒಂದು ದಿನ ಕೇಳಿದೆ, "ಏನಜ್ಜ, ಅರ್ಜಿ ಗಿರ್ಜಿ ಐತೇನು?"

"ಎಂಥ ಅರ್ಜಿಯಪ್ಪ. ಮನ್ಯಾಗೆ ಕೂಡಾಕೆ ಬಿಡಂಗಿಲ್ಲ ನಿಮ್ಮಜ್ಜಿ. ಮಿಲ್ಲಿನ ಪಾಳಿಗೆ ಹೊತ್ತಾತು ಅಂತ ಡಬ್ಬಿ ಕೈಗೆ ಕೊಟ್ಟು ಹೊರಗೆ ಹಾಕ್ತಾಳೆ. ಬ್ಯಾರೆ ದಿನ ಬಸ್ ಸ್ಟ್ಯಾಂಡಿನಾಗೆ ಕೂಡ್ತೀನಿ. ಇಲ್ಲಾದ್ರೆ ಫ್ಯಾನ್ ಐತೆ."

"ಮಿಲ್ಲು ಮುಚ್ಚಿ ಎಷ್ಟು ಕಾಲಾತು!"

"ಅದು ನಿನಗೆ ಗೊತ್ತು, ನನಗೆ ಗೊತ್ತು. ಅವಳ ತಲೆಯಾಗೆ ಇನ್ನೂ ಓಡ್ತಾ ಐತೆ."

ಆಮೇಲೆ ಎಲ್ಲ ಹೇಳಿದ. ಹತ್ತಿಗಿರಣಿಯಲ್ಲಿ ಸವೆದ ಜೀವ ಅವನದು. ಅಜ್ಜಿಗೆ ವಯಸ್ಸಾಗಿ ನೆನಪು ಹಿಂದಕ್ಕೆ ಹೋಗಿ ನಿಂತುಬಿಟ್ಟಿತ್ತು. ಅಡಿಗೆ ಇವನೇ ಮಾಡಿಡುತ್ತಾನೆ. ಅವಳು ಖಾಲಿ ಡಬ್ಬಿಗೆ ಮುಚ್ಚಳ ಹಾಕಿ, ರೊಟ್ಟಿ ಕಟ್ಟೀನಿ ಅಂತ ಕೊಡುತ್ತಾಳೆ. ಸಂಜೆ ಗಂಡ ಪಾಳಿ ಮುಗಿಸಿ ಬಂದ ಮೇಲೆಯೇ ಅವಳ ಊಟ. ಪಾಳಿ ಮುಗಿಯಬೇಕಾದರೆ ಮಿಲ್ಲಿನ ಸೈರನ್ ಕೂಗಬೇಕು. ಆ ಸೈರನ್ನು ಮಿಲ್ಲಿನ ಜತೆಗೇ ಬಾಯಿ ಮುಚ್ಚಿತ್ತು.

"ಹೊತ್ತು ಮುಳುಗೋ ಮುಂದೆ ಮನೆಗೆ ಹೋದ್ರೆ ಹೊಸ್ತಿಲ ಮ್ಯಾಲೆ ಕುಂತು ಬೈತಾಳಪ್ಪ. ಸೈರನ್ ಆಗಿಲ್ಲ, ಗೇಟು ಹಾರಿ ಬಂದ್ರೇನು? ಜಾಬರ್ ಮೇಸ್ತ್ರಿ ನೋಡಿದ್ರೆ ಹಾಜರಿ ಕಡಿತಾನೆ, ವಾಪಸ್ ಹೋಗ್ರಿ, ಅಂತಾಳೆ."

"ಮತ್ತೆ ಊಟ?"

"ಕಾದು ಕಾದು ಕುಂತಲ್ಲೇ ನಿದ್ದೆ ಮಾಡ್ತಾಳೆ. ಎಬ್ಬಿಸಿ ಉಣಿಸಿದ್ರೆ ಒಂದೊಂದಿನ ನಾಲ್ಕು ತುತ್ತು ಇಳೀತಾವೆ, ಒಂದೊಂದಿನ ಅದೂ ಇಲ್ಲ. ಸೊರಗಿ ಕಡ್ಡಿ ಆಗ್ಯಾಳೆ." ಡಬ್ಬಿಯ ಮುಚ್ಚಳ ಸವರಿ ನಕ್ಕ. "ಮಾಲೀಕರೇ ನಮ್ಮನ್ನ ಕೆಲಸದಿಂದ ಬಿಟ್ರು ನೋಡು, ಇವಳು ಮಾತ್ರ ಬಿಡವಲ್ಲಳು."

ಒಂದು ಕೈ ಹೆಚ್ಚಾದದ್ದು

ಅಜ್ಜನ ಓಣಿಗೆ ಒಬ್ಬ ಹೆಣ್ಣುಮಗಳು ಸದಸ್ಯೆ. ಮೊದಲ ಸಲ ಗೆದ್ದು ಬಂದವರು. ಅವರಿಗೆ ಹೇಳು ಅಂತ ನಾನೇ ಅಜ್ಜನನ್ನು ಕಳಿಸಿದೆ. ಮುಂದಿನ ಸಭೆಯಲ್ಲಿ ಅವರು ಚೀಟಿ ನೋಡಿಕೊಂಡು ಮೈಕ್ ಹಿಡಿದು, "ನಮ್ಮ ಕಚೇರಿ ಮಾಳಿಗೆ ಮ್ಯಾಲೆ ಒಂದು ಸೈರನ್ ಹಾಕ್ಸಿ, ದಿನಾ ಸಂಜೆ ಕೂಗಿಸಬೇಕ್ರಿ" ಅಂದರು.

ಅಧ್ಯಕ್ಷರು ಗಾಬರಿಯಾಗಿ, "ಯಾಕಮ್ಮ, ಎಲ್ಲಾದ್ರೂ ಬೆಂಕಿ ಬಿದ್ದೈತಾ?"

"ಇಲ್ರಿ. ಒಬ್ಬ ಅಜ್ಜಿ ಊಟ ಮಾಡಬೇಕಾಗೈತೆ."

ಹಾಲಿಗೆ ಹಾಲೇ ನಕ್ಕಿತು. ಬಟ್ಟೆ ಅಂಗಡಿಯ ಹಿರಿಯ ಸದಸ್ಯರೊಬ್ಬರು ಎದ್ದು, "ಮಿಲ್ಲಿಲ್ಲ, ಪಾಳಿ ಇಲ್ಲ. ಸೈರನ್ ಕೂಗಿದ್ರೆ ಜನ ಎಲ್ಲಿಂದೆದ್ದು ಎಲ್ಲಿಗೆ ಹೋಗ್ಬೇಕ್ರಿ?" ಅಂತ ಕೇಳಿದರು. ಶಾಮನೂರು ಕಡೆಯ ಸದಸ್ಯರು, "ಹಾಕೋದಾದ್ರೆ ನಮ್ಮ ಕಡಿಗೂ ಒಂದು ಹಾಕ್ರಿ. ನಮ್ಮ ಎಮ್ಮೆಗಳಾದ್ರೂ ಹೊತ್ತಿಗೆ ಸರಿಯಾಗಿ ಮನೆಗೆ ಬರ್ತಾವೆ" ಅಂದರು. ಇನ್ನೊಬ್ಬರಿಗೆ ಆ ಸದ್ದು ತಮ್ಮ ವಾರ್ಡಿಗೆ ಯಾಕೆ ಬರಬೇಕು ಅಂತ ತಕರಾರು. ಮತ್ತೊಬ್ಬರಿಗೆ ತಮ್ಮ ವಾರ್ಡಿಗೆ ಯಾಕೆ ಬರಬಾರದು ಅಂತ ತಕರಾರು.

ಕೊನೆಗೆ ಕೈ ಎತ್ತಿಸಿದರು. ಗುಮಾಸ್ತರು ಎಣಿಸಿ, "ಒಂದು ಓಟಿನಿಂದ ಪಾಸ್ ಆತ್ರಿ" ಅಂದರು. ಅಷ್ಟರಲ್ಲಿ ಬಟ್ಟೆ ಅಂಗಡಿಯವರು ಹಿಂದೆ ತಿರುಗಿ ನೋಡಿ, "ಆಕ್ಷೇಪಣೆ! ಆ ಒಂದು ಕೈ ಯಾರದ್ರೀ?" ಅಂತ ಕೂಗಿದರು. ಬೆಂಚಿನ ಮೇಲೆ ಅಜ್ಜ ಇನ್ನೂ ಕೈ ಎತ್ತಿಕೊಂಡೇ ಕೂತಿದ್ದ.

ಗದ್ದಲವೆದ್ದಿತು. ಅಧ್ಯಕ್ಷರು ವಿಷಯವನ್ನು ಮುಂದಿನ ಸಭೆಗೆ ತಳ್ಳಿದರು. ಅಜ್ಜ ಎದ್ದು ನಿಂತು ಕೈ ಮುಗಿದ. "ತಪ್ಪಾತ್ರಿ ಯಜಮಾನ್ರೇ. ಯೂನಿಯನ್ ಮೀಟಿಂಗಿನಾಗೆ ಕೈ ಎತ್ರಿ ಅಂದ್ರೆ ಎತ್ತಿಬಿಡೋದು ನಮಗೆ ರೂಢಿ. ಯಾತಕ್ಕೆ ಅಂತ ಕೇಳ್ದೋರಲ್ಲ ನಾವು."

ಅಧ್ಯಕ್ಷರು ಅಂದರು, "ಇಲ್ಲೂ ಹಂಗೇ ಐತೆ, ಕೂಡ್ರಿ."

ಮೌನದ ನಡುವೆ

ಮುಂದಿನ ಸಭೆಯ ಹೊತ್ತಿಗೆ ಒಬ್ಬ ಮಾಜಿ ಸದಸ್ಯರು ತೀರಿಕೊಂಡರು. ಇಂಥ ಹೊತ್ತಿನಲ್ಲಿ ಒಂದು ಪದ್ಧತಿ: ಶ್ರದ್ಧಾಂಜಲಿ, ಮೌನ, ಆಮೇಲೆ ಸಭೆ ಇನ್ನೊಂದು ದಿನಕ್ಕೆ ಮುಂದಕ್ಕೆ. ಮೌನದ ಬೆನ್ನಿಗೇ ಚರಂಡಿ ವಿಷಯ ತೆಗೆದರೆ ಸತ್ತವರಿಗೆ ಅಗೌರವ ಅಂತ ಎಲ್ಲ ಪಕ್ಷದವರೂ ಒಪ್ಪಿದ್ದರು. ಅವರೆಲ್ಲ ಒಪ್ಪಿದ್ದು ಅದೊಂದನ್ನೇ.

ಎಲ್ಲರೂ ಕಣ್ಣು ಮುಚ್ಚಿ ನಿಂತರು. ಒಬ್ಬರ ಮುಂದಿನ ಮೈಕ್ ತೆರೆದೇ ಇದ್ದದ್ದನ್ನು ನಾನು ಗಮನಿಸಿರಲಿಲ್ಲ. ಅವರು ಪಕ್ಕದವರ ಕಿವಿಯಲ್ಲಿ ಪಿಸುಗುಟ್ಟಿದ್ದು ಹಾಲಿನ ನಾಲ್ಕೂ ಮೂಲೆಗೆ ದೊಡ್ಡದಾಗಿ ಕೇಳಿಸಿತು: "ಇವತ್ತು ಲಗೂನ ಬಿಟ್ರು. ಬೆಣ್ಣೆ ದೋಸೆ ತಿಂದು ಹೋಗಾಣ ನಡೀರಿ."

ಯಾರೂ ಕಣ್ಣು ತೆಗೆಯಲಿಲ್ಲ. ಆದರೆ ಸುಮಾರು ತಲೆಗಳು ಹೌದು ಅಂತ ಅಲ್ಲಾಡಿದವು.

ಅದರ ಮುಂದಿನ ಸಭೆಗೂ ಯಾರೋ ಒಬ್ಬರು ತೀರಿಕೊಂಡರು. ಅಜ್ಜ ಡಬ್ಬಿ ಎತ್ತಿಕೊಂಡು ನನ್ನ ಜತೆ ಮೆಟ್ಟಿಲಿಳಿಯುತ್ತಾ ಅಂದ, "ನೋಡಪ್ಪ, ಸತ್ತೋರ ವಿಷಯ ಇಲ್ಲಿ ಒಂದೇ ಸಲಕ್ಕೆ ಪಾಸ್ ಆಗ್ತೈತೆ."

ಬೇರೆ ಮಿಲ್ಲು

ನನಗೆ ತಡೆಯಲಾಗಲಿಲ್ಲ. ನಮ್ಮ ಅಂಗಡಿಯ ಒಂದು ಆಂಪ್ಲಿಫೈಯರಿನಲ್ಲಿ ಗುಂಡಿ ಒತ್ತಿದರೆ ಸೈರನ್ ಸದ್ದು ಬರುತ್ತಿತ್ತು. ಬ್ಯಾಟರಿ, ಹಾರ್ನ್ ಎಲ್ಲ ಸೈಕಲ್ಲಿಗೆ ಕಟ್ಟಿಕೊಂಡು ಸಂಜೆ ಅಜ್ಜನ ಓಣಿಗೆ ಹೋದೆ. ಅಜ್ಜಿ ಹೊಸ್ತಿಲ ಮೇಲಿದ್ದಳು. ಒಗೆದ ಸೀರೆಯನ್ನು ಕುರ್ಚಿಯ ಬೆನ್ನಿಗೆ ಹಾಕಿದಂತಿತ್ತು, ಸೀರೆಯೊಳಗೆ ಮನುಷ್ಯರೇ ಇಲ್ಲವೇನೋ ಅನ್ನಿಸಿತು. ಅಜ್ಜ ಡಬ್ಬಿ ಹಿಡಿದು ಓಣಿಯ ಬಾಯಲ್ಲಿ ತಯಾರಾಗಿ ನಿಂತ. ನಾನು ಗೋಡೆ ಮರೆಯಿಂದ ಗುಂಡಿ ಒತ್ತಿದೆ.

ಓಣಿಯ ನಾಯಿಗಳೆಲ್ಲ ಒಟ್ಟಿಗೆ ಊಳಿಟ್ಟವು. ಅಜ್ಜಿ ಕತ್ತೆತ್ತಿ ಕೇಳಿದಳು. ಅಜ್ಜ ಬಿರಬಿರನೆ ನಡೆದು ಬಂದ.

"ಯಾಕ ಬಂದ್ರಿ?"

"ಸೈರನ್ ಆತಲ್ಲೇ!"

"ಅದು ನಮ್ಮ ಮಿಲ್ಲಿಂದಲ್ಲ. ಬ್ಯಾರೆ ಯಾವುದೋ ಮಿಲ್ಲಿಂದು. ನಮ್ಮ ಸೈರನ್ನು ನನಗೆ ಗೊತ್ತಾಗಂಗಿಲ್ಲೇನು? ಹೋಗ್ರಿ, ಹೋಗ್ರಿ."

ಊರಲ್ಲಿ ಮಿಲ್ಲುಗಳು ಓಡುತ್ತಿದ್ದ ಕಾಲದಲ್ಲಿ ಒಂದೊಂದರ ಸೈರನ್ನಿಗೂ ಒಂದೊಂದು ದನಿ. ಯಾರ ಮನೆಯವರು ಯಾವ ಹೊತ್ತಿಗೆ ಬರುತ್ತಾರೆ ಅಂತ ಓಣಿಯ ಹೆಂಗಸರಿಗೆ ಸದ್ದಿನಲ್ಲೇ ಗೊತ್ತಾಗುತ್ತಿತ್ತಂತೆ. ಗುಂಡಿ ಒತ್ತುವಾಗ ಅಜ್ಜನಿಗೂ ಅದು ಮರೆತಿತ್ತು.

ಸುಮ್ಮನೆ ಹಾರ್ನ್ ಕಟ್ಟಿಕೊಳ್ಳುತ್ತಿದ್ದ ನನ್ನನ್ನು ಅಜ್ಜಿ ನೋಡಿದಳು. ದನಿ ಮೆತ್ತಗಾಯಿತು. "ನಿಮ್ಮ ಮಿಲ್ಲು ಬಿಟ್ಟೈತಲ್ಲಪ್ಪ, ನೀನ್ಯಾಕ ನಿಂತಿ? ಮನೆಗೆ ಹೋಗು. ಹೆಂಡ್ತಿ ಉಣ್ಣದೆ ಕಾಯ್ತಿರ್ತಾಳೆ."

ನನಗೆ ಹೆಂಡತಿಯೂ ಇರಲಿಲ್ಲ, ಮನೆಯೂ ಇರಲಿಲ್ಲ. ಆದರೂ ತಡವಾಯಿತೇನೋ ಅನ್ನಿಸಿ ಜೋರಾಗಿ ಸೈಕಲ್ ತುಳಿದೆ.

ಹರಿಹರದ ಕೋಳಿ

ಹಳೇ ಸೈರನ್ ಎಲ್ಲಿ ಹೋಯಿತು ಅಂತ ಅಜ್ಜನೇ ಪತ್ತೆ ಮಾಡಿದ. ಮಿಲ್ಲಿನ ಸಾಮಾನಿನ ಜತೆ ಹರಿಹರದ ಒಬ್ಬ ಗುಜರಿ ಸಾಹೇಬರ ಅಂಗಳ ಸೇರಿತ್ತು. ಸದಸ್ಯೆ ಮತ್ತೆ ವಿಷಯ ಎತ್ತಿದರು. ಈ ಸಲ ಅವರ ಕೈಯಲ್ಲಿ ಚೀಟಿ ಇರಲಿಲ್ಲ. ಅಷ್ಟು ದಿನದಲ್ಲಿ ಅಜ್ಜಿಯ ಮನೆಗೆ ಹೋಗಿ ಕಣ್ಣಾರೆ ನೋಡಿ ಬಂದಿದ್ದರು. ಸೈರನ್ ಪರಿಶೀಲಿಸಲು ಒಂದು ಉಪಸಮಿತಿ ಆಯಿತು. ಸದ್ದು ಸರಿ ಇದೆಯೋ ಇಲ್ಲವೋ ಹೇಳಲು ಅಜ್ಜ, ವೈರ್ ಜೋಡಿಸಲು ನಾನು.

ಬಟ್ಟೆ ಅಂಗಡಿಯವರೂ ಸೇರಿ ಎಲ್ಲ ಹರಿಹರಕ್ಕೆ ಹೋಗಿ ನೋಡಿದರೆ, ಸೈರನ್ನಿನ ದೊಡ್ಡ ಬಾಯೊಳಗೆ ಕೋಳಿ ಕಾವಿಗೆ ಕೂತಿತ್ತು. ಗುಜರಿ ಸಾಹೇಬರು ಅಡ್ಡ ನಿಂತರು. "ಮರಿ ಆಗೋತನ ಯಾರೂ ಮುಟ್ಟಂಗಿಲ್ರಿ. ನಮ್ಮ ಮನೆಯವಳು ಕೊಂದೇ ಹಾಕ್ತಾಳೆ."

ಬಟ್ಟೆ ಅಂಗಡಿಯ ಸದಸ್ಯರು ದರ್ಪದಿಂದ, "ಇದು ಸರ್ಕಾರಿ ಕೆಲಸ" ಅಂದರು.

"ಅದೂ ಸರ್ಕಾರಿ ಕೆಲಸದ ಥರಾನೇ ಕುಂತೈತಿ ಸಾಹೇಬ್ರೇ. ಎಬ್ಬಿಸಿದ್ರೆ ಏಳಂಗಿಲ್ಲ."

ಅಜ್ಜ ಯಾತಕ್ಕೆ ಸೈರನ್ ಬೇಕು ಅಂತ ಹೇಳಿದ. ಸಾಹೇಬರು ಒಳಗೆ ಹೋಗಿ ಹೆಂಡತಿಯನ್ನು ಕರೆದು ತಂದರು. ಆ ತಾಯಿ ತಾನೇ ಕೋಳಿಯನ್ನೂ ಮೊಟ್ಟೆಗಳನ್ನೂ ಎತ್ತಿ ಬುಟ್ಟಿಗೆ ಹಾಕಿಕೊಂಡಳು. ನಾನು ವೈರ್ ಜೋಡಿಸಿದೆ. ಆಗಲೇ ಕರೆಂಟ್ ಹೋಯಿತು.

ಕಾದರು. ಮಿರ್ಚಿ ಮಂಡಕ್ಕಿ ತರಿಸಿ ತಿಂದರು. ಕರೆಂಟ್ ಬರಲಿಲ್ಲ. ಬರಿಗೈಲಿ ಹೋಗುವುದು ಹೆಂಗೆ ಅಂತ ಬಟ್ಟೆ ಅಂಗಡಿಯವರು, "ಅಜ್ಜ, ಅದರ ಸದ್ದು ಹೆಂಗಿತ್ತು, ಬಾಯಿಲೇ ಮಾಡಿ ತೋರ್ಸು" ಅಂದರು. ಅಜ್ಜ ಕಣ್ಣು ಮುಚ್ಚಿ, ಎದೆ ತುಂಬ ಗಾಳಿ ಎಳಕೊಂಡು ಕೂಗಿದ. ಮೊದಲು ಕೆಳಗಿನಿಂದ ಏರಿ, ನಡುವೆ ಸ್ವಲ್ಪ ಒಡೆದು, ನಿಧಾನಕ್ಕೆ ಇಳಿಯಿತು. ಕೂಗಿ ಮುಗಿದ ಮೇಲೂ ಅವನು ಕಣ್ಣು ತೆರೆಯಲಿಲ್ಲ. ಅಂಗಳದಲ್ಲಿ ಯಾರೂ ನಗಲಿಲ್ಲ.

ಮುಂದಿನ ಸಭೆಯಲ್ಲಿ ಉಪಸಮಿತಿಯ ವರದಿ ಓದಿದರು: ಖುದ್ದಾಗಿ ಆಲಿಸಲಾಯಿತು, ಧ್ವನಿ ತೃಪ್ತಿಕರವಾಗಿದೆ.

ಪಾಳಿ ಬಿಟ್ಟದ್ದು

ಅವತ್ತು ಸೈರನ್ ಸರ್ವಾನುಮತದಿಂದ ಪಾಸಾಯಿತು. ಬಟ್ಟೆ ಅಂಗಡಿಯವರು ಎರಡೂ ಕೈ ಎತ್ತಿದರು. ಮೇಜು ಕುಟ್ಟಿದ ಸದ್ದಿಗೆ ನನ್ನ ಆಂಪ್ಲಿಫೈಯರ್ ಕೀರಿಟ್ಟಿತು. ಹಿಂದೆ ತಿರುಗಿ ನೋಡಿದೆ. ಬೆಂಚು ಖಾಲಿ ಇತ್ತು.

ಅಜ್ಜಿ ಹಿಂದಿನ ದಿನ ಸಂಜೆ ಹೊಸ್ತಿಲ ಮೇಲೆ ಕೂತಲ್ಲೇ ಹೋಗಿದ್ದಳು. ನಿದ್ದೆ ಬಂದಿರಬೇಕು ಅಂತ ಅಜ್ಜ ಬಹಳ ಹೊತ್ತು ಎಬ್ಬಿಸಿರಲಿಲ್ಲವಂತೆ. ಅವಳಿಗೆ ಯಾರೂ ಮೌನ ಆಚರಿಸಲಿಲ್ಲ, ಸಭೆ ಮುಂದಕ್ಕೆ ಹೋಗಲಿಲ್ಲ. ಸಾವಾದರೂ ಸಭೆ ಪೂರ್ತಿ ನಡೆದದ್ದು ಅದೊಂದೇ ಸಲ.

ಇನ್ನು ಸೈರನ್ ಬೇಡ ಅಂತ ಹೇಳಲು ಸದಸ್ಯೆ ಅಜ್ಜನ ಮನೆಗೆ ಹೋದರು. ಅಜ್ಜ ಒಪ್ಪಲಿಲ್ಲ. "ಹಾಕಿಸ್ರಿ ಅವ್ವ. ಓಣಿಯಾಗೆ ಇನ್ನೂ ಕೇಳೋರು ಅದಾರೆ."

ಹಾಕಿಸಿದರು. ಉದ್ಘಾಟನೆಯ ಸಂಜೆ ಹಾಲಿನಲ್ಲಿ ಹೂವು, ಹಾರ, ಭಾಷಣ. ಅಜ್ಜನಿಗೆ ಸನ್ಮಾನ ಅಂತ ವೇದಿಕೆಯ ಮೇಲೆ ಕೂರಿಸಿದ್ದರು. ಅದೇ ಖಾಕಿ ಅಂಗಿ, ತೊಡೆಯ ಮೇಲೆ ಅದೇ ಡಬ್ಬಿ. ಶಾಲು ಹೊದಿಸಿ, ಪೇಟ ಇಟ್ಟು, ಹಾರ ಹಾಕುವುದು ಬಾಕಿ ಇತ್ತು. ಅಧ್ಯಕ್ಷರು ಗುಂಡಿ ಒತ್ತಿದರು.

ಮಾಳಿಗೆಯ ಮೇಲಿಂದ ಸೈರನ್ ಎದ್ದಿತು. ಕೆಳಗಿನಿಂದ ಏರಿ, ನಡುವೆ ಸ್ವಲ್ಪ ಒಡೆದು, ಅಜ್ಜ ಕೂಗಿ ತೋರಿಸಿದ ಹಾಗೇ.

ಅಜ್ಜ ಥಟ್ಟನೆ ಎದ್ದ. ಡಬ್ಬಿ ಎತ್ತಿಕೊಂಡ. ಹಾರ ಹಿಡಿದು ಬಂದ ಅಧ್ಯಕ್ಷರ ಕೈ ಕೆಳಗೇ ನುಸುಳಿ, ವೇದಿಕೆ ಇಳಿದು, ಶಾಲು ನೆಲಕ್ಕೆ ಎಳೆಯುತ್ತಾ ಬಾಗಿಲ ಕಡೆ ನಡೆದೇ ಬಿಟ್ಟ.

"ಅಜ್ಜ! ಹಾರ ಬಾಕಿ ಐತೆ, ಎಲ್ಲಿಗೆ ಹೊಂಟಿ?" ಅಂತ ಅಧ್ಯಕ್ಷರು ಮೈಕಿನಲ್ಲಿ ಕೂಗಿದರು.

ಅಜ್ಜ ಹಿಂದೆ ನೋಡದೆ ಹೇಳಿದ, "ಪಾಳಿ ಬಿಡ್ತಲ್ರಿ! ಉಣ್ಣದೆ ಕುಂತಿರ್ತಾಳೆ."

ಹಾಲು ಬಿದ್ದು ಬಿದ್ದು ನಕ್ಕಿತು. ಕುರ್ಚಿಗಳು ಅಲ್ಲಾಡಿದವು. ಹಾರದ ತಟ್ಟೆ ಹಿಡಿದಿದ್ದ ಜವಾನನೂ ನಕ್ಕ. ನಗದೆ ಇದ್ದವರು ಇಬ್ಬರೇ, ಆ ಸದಸ್ಯೆ ಮತ್ತು ನಾನು.

ಮೈಕ್ ಬಿಟ್ಟು ಹಿಂದೆ ಓಡಿದೆ. ಅಜ್ಜ ಗೇಟಿನ ಹತ್ತಿರ ನಿಂತಿದ್ದ. ಸೈರನ್ ಇಳಿಯುತ್ತಿತ್ತು. ಪೂರ್ತಿ ನಿಲ್ಲುವ ತನಕ ಕೇಳಿಸಿಕೊಂಡ. ಆಮೇಲೆ ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿ, ನನ್ನ ಮುಖ ನೋಡಿ ನಕ್ಕ.

"ಇವತ್ತು ಎಷ್ಟು ಹೊತ್ತಿಗೆ ಹೋದ್ರೂ ನಡೀತೈತೆ ತಮ್ಮಾ. ವಾಪಸ್ ಹೋಗ್ರಿ ಅನ್ನೋರು ಯಾರೂ ಇಲ್ಲ."