ಭಾವನ ಹೆಸರಿಗೆ ಒಂದು ಮರ

ನಮ್ಮ ಭಾವ ಇಷ್ಟು ವರ್ಷಗಳಿಂದ ಯಾರ ಅನುಮತಿಯೂ ಇಲ್ಲದೆ ಉಸಿರಾಡುತ್ತಿದ್ದಾರೆ. ಇದು ಅವರಿಗೆ ಇನ್ನೂ ಹೊಳೆದಿಲ್ಲ. ದಯವಿಟ್ಟು ನೀವ್ಯಾರೂ ಹೇಳಬೇಡಿ! ಹೇಳಿದರೆ ನಾಳೆ ಬೆಳಿಗ್ಗೆಯೇ ಕೊಮ್ಯೂನ್‌ಗೆ ಫೋನ್ ಮಾಡಿ, "ಮೂಗಿನಿಂದ ಉಸಿರಾಡಬೇಕೋ ಬಾಯಿಂದಲೋ, ದಯವಿಟ್ಟು ಬರೆದುಕೊಡಿ" ಎಂದು ದುಂಬಾಲು ಬೀಳುತ್ತಾರೆ.

ಕೊಮ್ಯೂನ್ ಎಂದರೆ ಸ್ವೀಡನ್ನಿನ ಪುರಸಭೆ. ಭಾವನ ಪಾಲಿಗೆ ಮಾತ್ರ ಅದು ಮನೆದೇವರು. ನಾನು ಹೇಳುತ್ತಿರುವುದು ಊರಿಗೆ ಮಾತಾಡಲು ಇನ್ನೂ ಫೋನ್ ಕಾರ್ಡಿನ ನಂಬರು ಉಜ್ಜುತ್ತಿದ್ದ ಕಾಲದ ಮಾತು. ಅಕ್ಕ ಭಾವ ರಾಜಧಾನಿಯ ಪಕ್ಕದ ಸೊಲ್ಲೆಂಟುನಾದಲ್ಲಿದ್ದರು, ಭಾವನಿಗೆ ಸಾಫ್ಟ್‌ವೇರ್ ಕೆಲಸ. ನಾನು ಎಸ್ಕಿಲ್‌ಸ್ಟುನಾದಲ್ಲಿ ಮಣ್ಣು ಅಗೆಯುವ ಯಂತ್ರಗಳ ಕಾರ್ಖಾನೆಯಲ್ಲಿ ಎಂಜಿನಿಯರ್. ಶುಕ್ರವಾರ ಸಂಜೆಯಾದರೆ ರೈಲು ಹತ್ತಿ ಅಕ್ಕನ ಮನೆಗೆ ಬಂದುಬಿಡುತ್ತಿದ್ದೆ. ಅಕ್ಕನ ಕೈ ಅಡುಗೆಗೆ ಎಂದು ಹೇಳುತ್ತಿದ್ದೆ. ನಿಜವಾಗಿ ಭಾವನನ್ನು ನೋಡಿ ನಗುವುದಕ್ಕೆ!

ಹಿಮ ಸುರಿಯುತ್ತಿದೆ, ರಸ್ತೆಯಲ್ಲಿ ಒಂದು ವಾಹನವೂ ಇಲ್ಲ, ಆದರೂ ಸಿಗ್ನಲ್ಲಿನ ಕೆಂಪು ಮನುಷ್ಯ ಹಸಿರಾಗುವ ತನಕ ನಿಲ್ಲುವವರು ಇಡೀ ಬಡಾವಣೆಯಲ್ಲಿ ಇವರೊಬ್ಬರೇ. ಸ್ವೀಡನ್ನಿನವರೇ ದಾಟಿಕೊಂಡು ಹೋಗುತ್ತಾರೆ! "ಅವರು ಹೋಗ್ತಾರಮ್ಮ, ಅವರ ದೇಶ. ನಮ್ದು ಪರ್ಮಿಟ್ ಮೇಲಿರೋ ಜೀವನ" ಎನ್ನುತ್ತಾರೆ. ಆ ವರ್ಷ ಗಣೇಶನ ಹಬ್ಬದಲ್ಲಿ ಅಂಗೈಯಷ್ಟು ಮಣ್ಣಿನ ಗಣಪನನ್ನು ಕೆರೆಯಲ್ಲಿ ಬಿಡಬಹುದೇ ಎಂದು ಕೊಮ್ಯೂನ್‌ಗೆ ಪತ್ರ ಬರೆದರು. ಅಲ್ಲಿಂದ ಮರುಪ್ರಶ್ನೆ ಬಂತು: ಯಾವುದರಿಂದ ಮಾಡಿದ್ದು? ಕರಗುತ್ತದೆಯೇ? ಕರಗದಿದ್ದರೆ ಮತ್ತೆ ಎತ್ತಿಕೊಳ್ಳುವವರು ಯಾರು? ಇವರು ಉತ್ತರಿಸಿ, ಅವರು ಯೋಚಿಸಿ, ಒಪ್ಪಿಗೆ ಬರುವಷ್ಟರಲ್ಲಿ ದಸರಾ ಬಂತು. ಅಲ್ಲಿಯ ತನಕ ಗಣಪ ಬಾಲ್ಕನಿಯಲ್ಲಿ ಮಫ್ಲರ್ ಸುತ್ತಿಕೊಂಡು ಕೂತಿದ್ದ.

ಅದೇ ಹಬ್ಬಕ್ಕೆ ಇನ್ನೊಂದು ತಮಾಷೆ ನಡೆಯಿತು. ಪೂಜೆಗೆ ತೆಂಗಿನಕಾಯಿ ಒಡೆಯಲು ಭಾವ ನನ್ನನ್ನು ಎಸ್ಕಿಲ್‌ಸ್ಟುನಾದಿಂದ ರಜೆ ಹಾಕಿಸಿ ಕರೆಸಿದರು. "ಕೈ ಉಳುಕಿದೆ" ಎಂದರು. ಅದೇ ಕೈಯಲ್ಲಿ ಆಮೇಲೆ ಅಕ್ಕಿಮೂಟೆ ಎತ್ತಿದರು! ಸೋಮಾರಿ ಗಂಡಸು ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಡಿಸೆಂಬರ್ ಹೊತ್ತಿಗೆ ಅಕ್ಕನಿಗೆ ಆರು ತುಂಬಿ ಏಳರಲ್ಲಿತ್ತು. ಮದುವೆಯಾಗಿ ಎಷ್ಟೋ ವರ್ಷವಾದ ಮೇಲೆ ನಿಂತ ಬಸಿರು. ಹಿಂದೊಮ್ಮೆ ಮೂರು ತಿಂಗಳಿಗೇ ಹೋಗಿತ್ತು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಈ ಸಲ ಅವಳಿಗೆ ಅನ್ನ ಸೇರದು, ಒಗ್ಗರಣೆಯ ವಾಸನೆ ಆಗದು, ಕಾಫಿ ಕಂಡರೆ ವಾಕರಿಕೆ. ತೂಕ ಏರುತ್ತಿಲ್ಲ ಎಂದು ಆಸ್ಪತ್ರೆಯ ಮಿಡ್‌ವೈಫ್ ಮುಖ ಸಣ್ಣ ಮಾಡಿದ್ದಳು. ಭಾವ ಅವಳ ಮುಖದ ಬಗ್ಗೆಯೇ ಒಂದು ವಾರ ಮಾತಾಡಿದರು.

ಹೀಗಿರುವಾಗ ಒಂದು ದಿನ ಮೆಟ್ಟಿಲ ಬಳಿ ಪಕ್ಕದ ಮನೆಯವರು ಕಾಡಿನಿಂದ ಆಗಷ್ಟೇ ಕಡಿದು ತಂದ ಕ್ರಿಸ್‌ಮಸ್ ಮರವನ್ನು ಎಳೆದುಕೊಂಡು ಹೋದರು. ಬಾಗಿಲಲ್ಲಿ ನಿಂತಿದ್ದ ಅಕ್ಕ ಕಣ್ಣುಮುಚ್ಚಿ ದೀರ್ಘವಾಗಿ ಉಸಿರೆಳೆದುಕೊಂಡಳು. "ಆಹಾ! ಈ ವಾಸನೆ ಮನೇಲಿದ್ರೆ ಎರಡು ತುತ್ತು ಊಟ ಸೇರತ್ತೆ ಅನ್ಸತ್ತೆ ಕಣೇ."

ಬಸುರಿಯ ಬಯಕೆ! ಭಾವ ಅಂದೇ ಓಡಿದರು. ಚೌಕದಲ್ಲಿ ಸಿಗುವ ಅತ್ಯಂತ ದುಬಾರಿ ಮರ ತಂದರು, ಎಲೆಯೇ ಉದುರದ ಜಾತಿಯದು. ಅದಕ್ಕೆ ಎಲೆ ಉದುರುವುದಿಲ್ಲ ನಿಜ, ವಾಸನೆಯೂ ಇಲ್ಲ! ಅಕ್ಕ ಮೂಸಿ ನೋಡಿ ಆ ಕಡೆ ತಿರುಗಿ ಮಲಗಿದಳು. ಅವಳಿಗೆ ಬೇಕಾಗಿದ್ದು ಕಾಡಿನ ಸಾದಾ ಮರ, ಹಸಿಹಸಿ.

ಸ್ವೀಡನ್ನಿನ ಕಾಡಿನಲ್ಲಿ ಯಾರು ಬೇಕಾದರೂ ಹಣ್ಣು ಕೀಳಬಹುದು, ಅಣಬೆ ಆರಿಸಬಹುದು. ಮರದ ತಂಟೆಗೆ ಮಾತ್ರ ಹೋಗುವಂತಿಲ್ಲ. ಅದಕ್ಕೆ ಕೊಮ್ಯೂನ್ ಕಾಡಿನ ಒಂದು ಮೂಲೆಯನ್ನು ಗುರುತಿಸಿ, ಅರ್ಜಿ ಹಾಕಿದವರಿಗೆ ಇಂತಿಷ್ಟೇ ಎತ್ತರದ ಒಂದೊಂದು ಮರ ಕಡಿಯಲು ಪರ್ಮಿಟ್ ಕೊಡುತ್ತಿತ್ತು. ಅರ್ಜಿಯೆಂದರೆ ಭಾವನಿಗೆ ಹಬ್ಬದೂಟವಲ್ಲವೇ? ಎತ್ತರವನ್ನು ಹಿಮದ ಮೇಲಿಂದ ಅಳೆಯಬೇಕೋ ನೆಲದಿಂದಲೋ? ಪಕ್ಕದ ಮರದ ಕೊಂಬೆ ಮುರಿದರೆ ಬೇರೆ ಅರ್ಜಿಯೋ? ಮರದಲ್ಲಿ ಹಕ್ಕಿಗೂಡಿದ್ದರೆ? ಫೋನೆತ್ತುತ್ತಿದ್ದ ಹೆಂಗಸಿಗೆ ಇವರ ದನಿ ಎಷ್ಟು ಪರಿಚಯವಾಯಿತೆಂದರೆ, ಹಲೋ ಎನ್ನುವ ಮೊದಲೇ "ಹಿಮದ ಮೇಲಿಂದ" ಎನ್ನುತ್ತಿದ್ದಳು. ಅಂತೂ ಪರ್ಮಿಟ್ ಬಂತು. ಅದನ್ನು ಲ್ಯಾಮಿನೇಟ್ ಮಾಡಿಸಿ ದೇವರ ಮುಂದಿಟ್ಟರು.

ಶನಿವಾರ ಬೆಳಿಗ್ಗೆ ಹೊರಡುವ ಸಂಭ್ರಮ. ಅಷ್ಟರಲ್ಲಿ ಬೆಂಗಳೂರಿನಿಂದ ಅವರಮ್ಮನ ಫೋನು. ಮಗ ಖುಷಿಯಿಂದ ವಿಷಯ ಹೇಳಿದ್ದೇ ತಡ, ಆ ತುದಿಯ ಕೂಗು ನನಗೂ ಕೇಳಿಸಿತು.

"ಮರ ಕಡೀತೀಯಾ? ಬುದ್ಧಿ ಇದ್ಯೇನೋ ನಿಂಗೆ? ಬಸುರಿ ಗಂಡ ಕಾಯಿ ಒಡೀಬಾರ್ದು, ಮರ ಕಡೀಬಾರ್ದು!"

ಭಾವ ಫೋನಿಟ್ಟು ಕುಸಿದು ಕೂತರು. ಮುಖದಲ್ಲಿ ರಕ್ತವಿಲ್ಲ. ಆ ಹಬ್ಬದ ಉಳುಕು ಎಲ್ಲಿಂದ ಬಂದಿತ್ತೆಂದು ನನಗೆ ಆಗ ತಿಳಿಯಿತು.

"ಅಷ್ಟೇ ತಾನೇ? ನಾನು ಕಡೀತೀನಿ ಬಿಡಿ ಭಾವ" ಎಂದೆ.

"ಪರ್ಮಿಟ್ ನನ್ನ ಹೆಸರಲ್ಲಿದೆ ಕಣಮ್ಮ! ಓದು ಇಲ್ಲಿ. ಅರ್ಜಿದಾರರೇ ಖುದ್ದು ಕಡೀಬೇಕು."

ನೋಡಿ ಫಜೀತಿ! ಕೊಮ್ಯೂನ್ ಪ್ರಕಾರ ಇವರೇ ಕಡಿಯಬೇಕು. ಅಮ್ಮನ ಪ್ರಕಾರ ಇವರು ಮಾತ್ರ ಕಡಿಯಬಾರದು. ಒಳಗಿನ ಕೋಣೆಯಿಂದ ಅಕ್ಕ ವಾಕರಿಸುವ ಸದ್ದು ಬೇರೆ. ಭಾವ ಎದ್ದು ಗರಗಸ ತೆಗೆದುಕೊಂಡರು, ಇಟ್ಟರು, ಮತ್ತೆ ತೆಗೆದುಕೊಂಡರು. ಕೊನೆಗೆ ನಾನೇ ಗರಗಸ ಕಿತ್ತುಕೊಂಡು ಅವರನ್ನು ಕಾರಿಗೆ ತುಂಬಿದೆ.

ಕಾಡಿನ ಬಾಯಲ್ಲಿ ಕಿತ್ತಳೆ ಕೋಟಿನ ಕೊಮ್ಯೂನ್ ಮನುಷ್ಯನೊಬ್ಬ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತಿದ್ದ. ಮಧ್ಯಾಹ್ನವಾಗಿತ್ತಷ್ಟೇ, ಆ ದೇಶದ ಚಳಿಗಾಲದಲ್ಲಿ ಆಗಲೇ ಕತ್ತಲು ಇಳಿಯುತ್ತಿತ್ತು. ನಾನು ಮೆಲ್ಲಗೆ ಗದರಿದೆ: "ಒಳಗೆ ಹೋದ್ಮೇಲೆ ಯಾರು ನೋಡ್ತಾರೆ ಭಾವ? ಸುಮ್ನೆ ಬನ್ನಿ."

ಸುಮ್ಮನೆ ಬರುವ ಜೀವವೇ ಅದು? ನೇರವಾಗಿ ಹೋಗಿ ಪರ್ಮಿಟ್ ಮುಂದೆ ಹಿಡಿದು ಇಂಗ್ಲಿಷಿನಲ್ಲಿ ಎಲ್ಲವನ್ನೂ ಒಪ್ಪಿಸಿಬಿಟ್ಟರು. "ಸರ್, ಪರ್ಮಿಟ್ ನನ್ನದು. ಕಡಿಯೋದು ನನ್ನ ನಾದಿನಿ. ನನ್ನ ಹೆಂಡತಿ ಗರ್ಭಿಣಿ, ಹಾಗಾಗಿ ನಾನು ಕಡಿಯೋ ಹಾಗಿಲ್ಲ."

ಆ ಮನುಷ್ಯ ನನ್ನನ್ನು ನೋಡಿದ, ಗರಗಸವನ್ನು ನೋಡಿದ. "ಹೆಂಡತಿ ಕಡಿಯುವ ಹಾಗಿಲ್ಲ ಅಂದರೆ ಅರ್ಥವಾಗುತ್ತದೆ. ನಿಮಗೇನಾಗಿದೆ?"

"ನಮ್ಮಲ್ಲಿ ಹಾಗೆ."

"ಕಡಿದರೆ ಏನಾಗುತ್ತದೆ?"

ಈಗ ನಗು ಬರುತ್ತದೆ ಎಂದು ನಾನು ಮುಖ ತಿರುಗಿಸಿಕೊಂಡೆ. ಭಾವನ ದನಿ ಇದ್ದಕ್ಕಿದ್ದಂತೆ ಬೇರೆಯಾಯಿತು.

"ಹಿಂದಿನ ಸಲ ಹಬ್ಬದ ದಿನ ನಾನೇ ತೆಂಗಿನಕಾಯಿ ಒಡೆದೆ. ನನಗೆ ಈ ನಿಯಮ ಗೊತ್ತಿರಲಿಲ್ಲ. ಅವತ್ತು ಸಂಜೆ ಮಗು ಹೋಯಿತು. ಅವಳಿಗೆ ಇವತ್ತಿನವರೆಗೂ ಹೇಳಿಲ್ಲ. ಆಮೇಲಿಂದ ಯಾವುದನ್ನೂ ಕೇಳದೆ ಮಾಡೋದಕ್ಕೆ ನನಗೆ ಧೈರ್ಯ ಇಲ್ಲ ಸರ್."

ನಾನು ತಿರುಗಿ ಅವರನ್ನು ನೋಡಿದೆ. ಆ ಸಿಗ್ನಲ್ಲು, ಆ ಗಣಪ, ಆ ಫೋನುಗಳು! ಎಷ್ಟು ಸಲ ಇವರನ್ನು ಆಡಿಕೊಂಡು ನಕ್ಕಿದ್ದೇವೆ, ಎಷ್ಟು ಸಲ ಅವರೂ ನಮ್ಮ ಜೊತೆ ನಕ್ಕಿದ್ದಾರೆ.

ಈ ದೇಶದವರು ಉಸಿರನ್ನು ಒಳಕ್ಕೆಳೆದುಕೊಂಡೇ ಹೌದೆನ್ನುತ್ತಾರಲ್ಲ, ಕಿತ್ತಳೆ ಕೋಟಿನವನು ಹಾಗೊಮ್ಮೆ ಎಳೆದುಕೊಂಡ. ಪರ್ಮಿಟ್ಟಿನ ಮೇಲೆ ಭಾವನ ಹೆಸರನ್ನು ಹೊಡೆದುಹಾಕಿ ನನ್ನ ಹೆಸರು ಬರೆಯಲು ನೋಡಿದ. ಲ್ಯಾಮಿನೇಟ್ ಮೇಲೆ ಪೆನ್ನು ಹತ್ತಲಿಲ್ಲ! ತನ್ನ ಜೇಬಿನಿಂದ ಚೀಟಿಯೊಂದನ್ನು ತೆಗೆದು, ಬರೆದು, ಸಹಿ ಹಾಕಿ ಕೊಟ್ಟ. ಆಗಲೂ ಭಾವ ಬಿಡಬೇಕಲ್ಲ!

"ಹೀಗೆ ಬದಲಾಯಿಸೋದಕ್ಕೆ ನಿಮಗೆ ಅನುಮತಿ ಇದೆಯಾ ಸರ್?"

"ಇದೆ. ಹೋಗಿ, ಕತ್ತಲಾಗುತ್ತಿದೆ" ಎಂದ.

ನಾನು ಹಿಮದಲ್ಲಿ ಮಂಡಿಯೂರಿ ಗರಗಸ ಎಳೆದೆ. ಭಾವ ದೂರದಲ್ಲಿ ಬೆನ್ನು ತಿರುಗಿಸಿ ಎರಡೂ ಕಿವಿ ಮುಚ್ಚಿಕೊಂಡು ನಿಂತರು. ಮರ ಬಿದ್ದ ಮೇಲೆ ಬಂದು, ಉಳಿದ ಬೊಡ್ಡೆಯ ಮೇಲೆ ಜೇಬಿನಿಂದ ಅರಿಸಿನ ಕುಂಕುಮದ ಪೊಟ್ಟಣ ತೆಗೆದು ಇಟ್ಟರು. "ಕ್ಷಮಿಸು" ಎಂದದ್ದು ನನಗೆ ಕೇಳಿಸಿತು. ನಾನು ಕೇಳಿಸದ ಹಾಗೆ ಕಾರಿನತ್ತ ನಡೆದೆ.

ಮನೆಯೊಳಗೆ ಮರ ಬರುತ್ತಿದ್ದಂತೆ ಕೋಣೆಯೆಲ್ಲ ಹಸಿಕಾಡಿನ ವಾಸನೆ. ಅಕ್ಕ ಎದ್ದು ಕೂತಳು. ತಾನಾಗಿಯೇ ಸಾರನ್ನ ಕೇಳಿದಳು! ಭಾವ ಅವಳು ಅಗಿಯುವುದನ್ನೇ ನೋಡುತ್ತ ಕೂತರು. ನನ್ನ ಬಾಯಿ ನಿಮಗೆ ಗೊತ್ತಲ್ಲ, ತಡೆಯಲಾಗಲಿಲ್ಲ.

"ಅಕ್ಕ, ಹಿಂದಿನ ಸಲ ಕಾಯಿ ಒಡೆದಿದ್ದಕ್ಕೇ ಹಂಗಾಯ್ತು ಅಂತ ನಿನ್ನ ಗಂಡ ಇಷ್ಟು ದಿನ ಒಳಗೇ ಇಟ್ಕೊಂಡು ಸಾಯ್ತಿದ್ದಾರೆ."

ಅಕ್ಕನ ಕೈಯ ತುತ್ತು ನಿಂತಿತು. ತಟ್ಟೆಯನ್ನು ಪಕ್ಕಕ್ಕಿಟ್ಟಳು.

"ಅಯ್ಯೋ, ರೀ... ಅವತ್ತು ಬೆಳಿಗ್ಗೆ ಎದ್ದಾಗ್ಲೇ ರಕ್ತ ಕಾಣಿಸ್ಕೊಂಡಿತ್ತು. ಹಬ್ಬದ ದಿನ ನಿಮ್ಮನ್ನ ಹೆದರಿಸೋದು ಬೇಡ ಅಂತ ಸುಮ್ನಿದ್ದೆ. ನೀವು ಕಾಯಿ ಒಡೆದಿದ್ದು ಆಮೇಲೆ."

ಭಾವನ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

"ಮುಂಚೇನಾ? ಖಂಡಿತ ಮುಂಚೇನಾ?"

"ಖಂಡಿತ ರೀ."

"ಬರೆದುಕೊಡ್ತೀಯಾ?"

ಅಕ್ಕ ಅಳುತ್ತಲೇ ನಕ್ಕಳು. ಅವರ ಕೈ ಹಿಡಿದೆಳೆದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. ಒಳಗಿನಿಂದ ಬಲವಾಗಿ ಒಂದು ಒದೆ ಬಿತ್ತು. ಆಮೇಲೆ ಭಾವ ಕಾಗದ ಕೇಳಲಿಲ್ಲ.