ಕೆಫಲೋನಿಯಕ್ಕೆ ಎರಡು ಸೀಟು

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ವರ್ಷ ಮಾರ್ಚ್ ತಿಂಗಳ ಎರಡನೇ ಮಂಗಳವಾರ, ಚರ್ಚಿನ ಗೋಪುರ ಸೊಟ್ಟಗಿರುವ ಚೆಸ್ಟರ್‌ಫೀಲ್ಡ್ ಎಂಬ ಊರಿನಲ್ಲಿ ನೆವಿಲ್ ಬ್ಯಾಗ್‌ಷಾ ಎಂಬ ಒಬ್ಬ ಮನುಷ್ಯನಿದ್ದ. ಅವನಿಗೆ ಒಬ್ಬಳೇ ಹೆಂಡತಿ, ಲೋರ್ನಾ; ಹೆಂಡತಿಗೆ ಒಬ್ಬಳೇ ಅಕ್ಕ, ಗ್ಲೆಂಡಾ; ಆ ಅಕ್ಕನಿಗೆ ಮೇಬಲ್‌ಥಾರ್ಪಿನ ಸಮುದ್ರದಂಡೆಯಲ್ಲಿ ಒಂದೇ ಒಂದು ಕ್ಯಾರವಾನು, ಅಂದರೆ ಗಾಲಿಯ ಮೇಲಿನ ಪುಟ್ಟ ಮನೆ. ಕಷ್ಟವೆಲ್ಲ ಹುಟ್ಟಿದ್ದು ಆ ಕ್ಯಾರವಾನಿನಿಂದ.

ಕತೆಗಳಲ್ಲಿ ರಾಜಕುಮಾರರು ಏಳು ಸಮುದ್ರ ದಾಟಿ ಹೂವು ತರುತ್ತೇನೆಂದು ಮಾತು ಕೊಡುತ್ತಾರೆ. ನೆವಿಲ್ ಕೊಟ್ಟ ಮಾತು ಅಷ್ಟು ದೊಡ್ಡದಲ್ಲ. ಗ್ರೀಸಿನ ಕೆಫಲೋನಿಯ ಎಂಬ ದ್ವೀಪಕ್ಕೆ ಅಗ್ಗದ ವಿಮಾನದಲ್ಲಿ ಎರಡು ಸೀಟುಗಳನ್ನು ತಾನೇ, ಯಾವ ಏಜೆಂಟರ ಹಂಗೂ ಇಲ್ಲದೆ, ಕಾದಿರಿಸುವುದು. ಮೊದಲೆಲ್ಲ ಈ ಕೆಲಸವನ್ನು ಪೇಟೆಬೀದಿಯ ಪ್ರವಾಸದಂಗಡಿಯ ಪೌಲಿನ್ ಮಾಡಿಕೊಡುತ್ತಿದ್ದಳು. ಆ ಅಂಗಡಿ ಮುಚ್ಚಿ ಈಗ ಅಲ್ಲಿ ಉಗುರಿಗೆ ಬಣ್ಣ ಹಚ್ಚುತ್ತಾರೆ. ಹಾಗಾಗಿ ಎರಡು ಬೇಸಿಗೆ ಗಂಡ ಹೆಂಡತಿ ಗ್ಲೆಂಡಾಳ ಕ್ಯಾರವಾನಿನಲ್ಲಿ, ಗ್ಲೆಂಡಾಳ ಜೊತೆಯಲ್ಲೇ ಕಳೆದಿದ್ದರು. ಅಲ್ಲಿ ಮಳೆ ಬರದ ದಿನ ಗಾಳಿ, ಗಾಳಿಯಿಲ್ಲದ ದಿನ ಗ್ಲೆಂಡಾ. ಶೌಚಾಲಯದ ನೀರನ್ನು ದಿನಕ್ಕೆ ಎಷ್ಟು ಸಲ ಬಿಡಬಹುದು ಎಂಬುದಕ್ಕೂ ಅವಳು ಗೋಡೆಯ ಮೇಲೆ ಚೀಟಿ ಅಂಟಿಸಿದ್ದಳು.

ಭಾನುವಾರದ ಊಟದಲ್ಲಿ, ಆಲೂಗಡ್ಡೆಯ ಮೇಲೆ ಸಾರು ಸುರಿಯುತ್ತ, ಜೂನಿನ ಎರಡನೇ ವಾರವನ್ನು ಈ ವರ್ಷವೂ ನಿಮಗೆಂದೇ ಎತ್ತಿಟ್ಟಿದ್ದೇನೆ ಎಂದು ಗ್ಲೆಂಡಾ ಹೇಳಿದಾಗ ಲೋರ್ನಾ ಮುಳ್ಳುಚಮಚ ಕೆಳಗಿಟ್ಟು ಗಂಡನ ಮುಖ ನೋಡಿದಳು. ಕೆಫಲೋನಿಯದ ಮುದುಕಿಯೊಬ್ಬಳ ಮನೆಯಲ್ಲಿ, ಕಿಟಕಿ ತೆರೆದರೆ ಸಮುದ್ರವೇ ಒಳಗೆ ಬರುವಂಥ ಕೋಣೆಯೊಂದನ್ನು ಅವಳು ಆಗಲೇ ಗೊತ್ತುಮಾಡಿಕೊಂಡಿದ್ದಳು. ತಲುಪುವುದೊಂದೇ ಬಾಕಿ.

"ವಿಮಾನದ್ದು ನಾನು ನೋಡ್ಕೋತೀನಿ," ಎಂದ ನೆವಿಲ್, ಬಾಯಿ ತುಂಬ ಆಲೂಗಡ್ಡೆ ಇಟ್ಟುಕೊಂಡು. "ಹತ್ತು ನಿಮಿಷದ ಕೆಲಸ."

ಚೆಸ್ಟರ್‌ಫೀಲ್ಡಿನಲ್ಲಿ ಪ್ರೀತಿಸುವವರನ್ನೂ ಪ್ರೀತಿಸದವರನ್ನೂ 'ಬಾತು' ಎಂದೇ ಕರೆಯುತ್ತಾರೆ. ಗ್ಲೆಂಡಾ ತಂಗಿಯ ಗಂಡನನ್ನು ಎರಡನೇ ಅರ್ಥದಲ್ಲಿ ಕರೆದಳು. "ಆಗ್ಲಿ ಬಾತು. ಮಂಗಳವಾರ ಸಂಜೆ ಆರಕ್ಕೆ ಫೋನ್ ಮಾಡ್ತೀನಿ. ಅಷ್ಟರಲ್ಲಿ ಆಗಿರಲಿಲ್ಲ ಅಂದ್ರೆ ನಿಮ್ಮಿಬ್ಬರ ಹೆಸರೂ ಕ್ಯಾರವಾನಿಗೆ ಬರ್ಕೊಂಡುಬಿಡ್ತೀನಿ."

ಮಂಗಳವಾರ ಬೆಳಿಗ್ಗೆ ಏಳೂವರೆಗೆ ನೆವಿಲ್ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದ. ಇಬ್ಬರಿಗೆ, ಜೂನ್ ಒಂಬತ್ತಕ್ಕೆ, ತಲೆಗೆ ನಲವತ್ತೊಂದು ಪೌಂಡು. ಕೆಳಗೆ ಹಳದಿ ಗುಂಡಿಯೊಂದು ಮದುವೆಮನೆಯ ಹಣತೆಯಂತೆ ಬೆಳಗುತ್ತಿತ್ತು.

"ಒತ್ತಿಬಿಡು," ಎಂದಳು ಲೋರ್ನಾ, ಕೆಲಸಕ್ಕೆ ಹೊರಡಲು ಕೋಟು ಹಾಕಿಕೊಳ್ಳುತ್ತ.

"ಮೊದಲನೇ ಸಲ ನೋಡಿದ ಕೂಡಲೇ ತಗೋಬಾರದಂತೆ. ನಮ್ಮ ಆಸೆ ಗೊತ್ತಾದ್ರೆ ಬೆಲೆ ಏರಿಸ್ತಾರಂತೆ. ಕ್ಲೈವ್ ಹೇಳಿದ."

"ಕ್ಲೈವ್ ರಜಾ ಅಂತ ಹೋಗೋದು ಅವರಮ್ಮನ ಮನೆಗೆ."

ಆದರೂ ಕ್ಲೈವ್ ಆಫೀಸಿನಲ್ಲಿ ನೆವಿಲ್‌ನ ಮೇಲಧಿಕಾರಿ. ಹೆಣ್ಣು ಒಪ್ಪಿಗೆಯಾದರೂ 'ಊರಿಗೆ ಹೋಗಿ ಕಾಗದ ಬರೀತೀವಿ' ಎಂದು ಉಪ್ಪಿಟ್ಟು ತಿಂದು ಏಳುವ ಗಂಡಿನ ಕಡೆಯವರ ಗಾಂಭೀರ್ಯದಲ್ಲಿ ನೆವಿಲ್ ಲ್ಯಾಪ್‌ಟಾಪ್ ಮುಚ್ಚಿದ.

ಅವನು ಕೆಲಸ ಮಾಡುತ್ತಿದ್ದುದು ಪುರಸಭೆಯ ಕಸದ ಡಬ್ಬಿ ವಿಭಾಗದಲ್ಲಿ. ಡಬ್ಬಿ ಒಡೆದವರು, ಡಬ್ಬಿ ಕಳೆದುಕೊಂಡವರು, ಪಕ್ಕದ ಮನೆಯವರ ಡಬ್ಬಿಯ ಮೇಲೆ ಕಣ್ಣಿಟ್ಟವರು, ಎಲ್ಲರೂ ಅವನಿಗೇ ಫೋನು ಮಾಡುತ್ತಿದ್ದರು. ಹತ್ತು ಗಂಟೆಗೆ, ಒಬ್ಬ ಮುದುಕಿಯ ಡಬ್ಬಿಯ ದುಃಖವನ್ನು ಒಂದು ಕಿವಿಯಲ್ಲಿ ಕೇಳುತ್ತ, ಅವನು ಮತ್ತೆ ಬೆಲೆ ನೋಡಿದ. ಅರವತ್ತೇಳು.

ಅವನು ಉಸಿರೆಳೆದುಕೊಂಡ ಸದ್ದಿಗೆ ಪಕ್ಕದ ಮೇಜಿನ ಮೊರೀನ್ ಕುರ್ಚಿ ಸಮೇತ ಉರುಳಿ ಬಂದಳು. ವಿಷಯ ತಿಳಿದು ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ನೀನು ಬೆಳಿಗ್ಗೆ ನೋಡಿ ಬಿಟ್ಟುಬಂದಿದ್ದನ್ನು ಅವರು ಗುರುತು ಹಾಕಿಕೊಂಡಿದ್ದಾರೆ, ಇನ್ನು ನೀನು ಎಲ್ಲಿ ಇಣುಕಿದರೂ ಬೆಲೆ ಏರುತ್ತದೆ ಎಂದು, ದೆವ್ವ ಹಿಡಿದವನ ನಾಡಿ ನೋಡಿದಂತೆ ಹೇಳಿದಳು. ಮನೆಯ ಲ್ಯಾಪ್‌ಟಾಪಿನ ನೆನಪನ್ನೆಲ್ಲ ಬೇರುಸಮೇತ ಅಳಿಸಬೇಕು, ಅದೊಂದೇ ಪರಿಹಾರ. ಅಷ್ಟರಲ್ಲಿ ಕ್ಲೈವ್ ಬಂದ. ಇದು ಮಧ್ಯಾಹ್ನದ ಬೆಲೆಯಲ್ಲ, ಬೆಳಗಿನ ಬೆಲೆ, ಕಾಯಬೇಕು ಎಂದ. ಹಾಗೆ ಹೇಳುತ್ತಲೇ ತನ್ನ ಫೋನಿನಲ್ಲೂ ಒಮ್ಮೆ ನೋಡಿದ. ಮೊರೀನ್ ತನ್ನದರಲ್ಲಿ ನೋಡಿದಳು. ನೋಡುವುದಕ್ಕೇನು ಕಾಸೇ ಎಂದು ವಿಭಾಗದ ಏಳೂ ಜನ ನೋಡಿದರು.

ಹನ್ನೊಂದಕ್ಕೆ ಬೆಲೆ ತೊಂಬತ್ನಾಲ್ಕು. ಕೆಳಗೆ ಕೆಂಪಕ್ಷರದಲ್ಲಿ, ಈ ಗಳಿಗೆಯಲ್ಲಿ ಹತ್ತೊಂಬತ್ತು ಜನ ಇದೇ ವಿಮಾನ ನೋಡುತ್ತಿದ್ದಾರೆ ಎಂದು ಬಂತು.

ಹತ್ತೊಂಬತ್ತು ಜನ ತಿಜೋರಿಯ ಸುತ್ತ ಸುಳಿಯುವ ಕಳ್ಳರಂತೆ ನೆವಿಲ್‌ನ ಕಣ್ಣಿಗೆ ಕಟ್ಟಿದರು. ಅದರಲ್ಲಿ ಏಳು ಜನ ತನ್ನ ಬೆನ್ನ ಹಿಂದೆಯೇ ಬಿಸ್ಕತ್ತು ತಿನ್ನುತ್ತಿದ್ದಾರೆಂದು ಅವನಿಗೆ ಹೊಳೆಯಲಿಲ್ಲ.

ಈಗಲೇ ತೆಗೆದುಬಿಡುತ್ತೇನೆಂದು ಅವನು ಗುಂಡಿಯ ಕಡೆಗೆ ಬೆರಳು ಚಾಚಿದ. ಕ್ಲೈವ್ ಆ ಬೆರಳನ್ನು ಹಿಡಿದುಕೊಂಡ. ಚೀಲದ ಅಳತೆ ಗೊತ್ತಿಲ್ಲದೆ ಯಾರಾದರೂ ಟಿಕೆಟ್ ತೆಗೆಯುತ್ತಾರೆಯೇ? ಬಿಟ್ಟಿ ಒಯ್ಯುವ ಚೀಲ ಇಂತಿಷ್ಟೇ ಉದ್ದ, ಇಂತಿಷ್ಟೇ ಅಗಲ. ಒಂದು ಬೆರಳು ಹೆಚ್ಚಾದರೆ ಚೀಲದ ಟಿಕೆಟು ಮನುಷ್ಯನ ಟಿಕೆಟಿಗಿಂತ ದುಬಾರಿ. ಕ್ಲೈವ್ ಅಳತೆಪಟ್ಟಿ ತಂದ. ಅಳೆಯುತ್ತ ಅಳೆಯುತ್ತ ಇಡೀ ವಿಭಾಗಕ್ಕೆ ಒಂದು ಸತ್ಯ ದರ್ಶನವಾಯಿತು: ಪುರಸಭೆ ಮನೆಮನೆಗೆ ಹಂಚುವ, ತರಕಾರಿ ಸಿಪ್ಪೆ ಹಾಕುವ ಪುಟ್ಟ ಡಬ್ಬಿಗೂ ವಿಮಾನದ ಸೀಟಿನಡಿಯ ಚೀಲಕ್ಕೂ ಒಂದೇ ಅಳತೆ. ಕ್ಲೈವ್ ಉಗ್ರಾಣದಿಂದ ಹೊಸ ಡಬ್ಬಿ ತರಿಸಿ, ಅದರಲ್ಲಿ ನೆವಿಲ್‌ನ ಸ್ವೆಟರನ್ನು ತುರುಕಿ, ಮುಚ್ಚಳ ಹಾಕಿ ಎತ್ತಿ ಹಿಡಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಮುದುಕಿ ಫೋನಿನಲ್ಲಿ ಇನ್ನೂ ಮಾತಾಡುತ್ತಿದ್ದಳು.

ಊಟದ ಬಿಡುವಿನಲ್ಲಿ ನೆವಿಲ್ ಗ್ರಂಥಾಲಯಕ್ಕೆ ಓಡಿದ. ಅಲ್ಲಿನ ಕಂಪ್ಯೂಟರಿಗೆ ತನ್ನ ಗುರುತಿಲ್ಲ, ಅದರಿಂದ ತನ್ನ ಆಸೆ ಹೊರಗೆ ಬೀಳುವುದಿಲ್ಲ ಎಂಬುದು ಅವನ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಗುರುತಿಲ್ಲದ ಕಾರಣಕ್ಕೇ ಅದು, ನೀನು ಮನುಷ್ಯನೇ ಎಂಬುದನ್ನು ಮೊದಲು ಸಾಬೀತುಪಡಿಸು ಎಂದಿತು. ಒಂಬತ್ತು ಚಿತ್ರ ಕೊಟ್ಟು, ಸಂಚಾರದೀಪ ಇರುವುದನ್ನೆಲ್ಲ ಮುಟ್ಟು ಎಂದಿತು.

ನೆವಿಲ್ ಮೂರನ್ನು ಮುಟ್ಟಿದ. ತಪ್ಪು. ಕಂಬವೂ ದೀಪದ ಭಾಗವೇ ಅಲ್ಲವೇ ಎಂದು ಐದನ್ನು ಮುಟ್ಟಿದ. ತಪ್ಪು. ಹಿಂದೆ ಸರದಿಗೆ ನಿಂತಿದ್ದವರು ಒಬ್ಬೊಬ್ಬರಾಗಿ ಬಗ್ಗಿದರು. ಹಸಿರು ಟೋಪಿಯ ಅಜ್ಜಿಯೊಬ್ಬಳು ಆ ಮೂಲೆಯಲ್ಲಿರುವುದು ದೀಪವಲ್ಲ, ಹೊಗೆಗೂಡು, ನಮ್ಮ ತವರಿನಲ್ಲಿ ಅಂಥದ್ದೇ ಇತ್ತು ಎಂದಳು. ಇನ್ನೊಬ್ಬರು ಅದು ಪಾದ್ರಿ ಎಂದರು. ಜನ ಎರಡು ಪಕ್ಷವಾದರು. ಆರನೇ ಸಲವೂ ತಪ್ಪಾದಾಗ ಅಜ್ಜಿ ನೆವಿಲ್‌ನ ಭುಜ ತಟ್ಟಿ ಮೆಲ್ಲಗೆ ಕೇಳಿದಳು: "ನೀನು ಎಲ್ಲಿ ಕೆಲಸ ಮಾಡೋದು, ಬಾತು?"

"ಪುರಸಭೇಲಿ. ಮೂವತ್ತು ವರ್ಷದಿಂದ."

"ಹಂಗಾದ್ರೆ ಅದರದ್ದೇನೂ ತಪ್ಪಿಲ್ಲ ಬಿಡು."

ಏಳನೇ ಸಲ ಹೇಗೋ ಸರಿಯಾಯಿತು. ಆದರೆ ಅರ್ಧ ಗಂಟೆಯ ಸರದಿ ಮುಗಿದು ಪರದೆ ಕಪ್ಪಾಗುವ ಮುಂಚೆ ಅವನು ಕಂಡಿದ್ದು ಇಷ್ಟು: ನೂರ ಇಪ್ಪತ್ತೆಂಟು ಪೌಂಡು, ಉಳಿದಿರುವುದು ನಾಲ್ಕು ಸೀಟು.

ಸಂಜೆ ಐದಕ್ಕೆ ಮನೆ ಸೇರಿದವನೇ ಕೋಟು ಕೂಡ ಬಿಚ್ಚದೆ, ಮೊರೀನ್ ಹೇಳಿದಂತೆ ಲ್ಯಾಪ್‌ಟಾಪಿನ ನೆನಪನ್ನೆಲ್ಲ ಅಳಿಸಿದ. ಆ ಕೆಲಸ ಮಾತ್ರ ಬಹಳ ಚೆನ್ನಾಗಿ ಆಯಿತು. ಲ್ಯಾಪ್‌ಟಾಪ್ ನೆವಿಲ್‌ನನ್ನು ಮರೆಯಿತು, ಕೆಫಲೋನಿಯವನ್ನು ಮರೆಯಿತು, ಜೊತೆಗೆ ಮನೆಯ ಇಂಟರ್‌ನೆಟ್ಟಿನ ಗುಪ್ತಪದವನ್ನೂ ಮರೆಯಿತು. ನೆವಿಲ್ ಅದನ್ನು ನಾಲ್ಕು ವರ್ಷದ ಹಿಂದೆಯೇ ಮರೆತಿದ್ದ. ಫೋನಿನಲ್ಲಿ ಟಿಕೆಟ್ ತೆಗೆಯಲು ಅವನಿಗೆ ಧೈರ್ಯವಿಲ್ಲ. ಅವನ ಬೆರಳು ಒಂದಕ್ಷರ ಒತ್ತಲು ಹೋದರೆ ಮೂರರ ಮೇಲೆ ಕೂರುತ್ತಿತ್ತು. ಕನ್ನಡಕದಂಗಡಿಯ ಕೆಲಸ ಮುಗಿಸಿ ಬಂದ ಲೋರ್ನಾ ಗಡಿಯಾರ ನೋಡಿದಳು, ಗಂಡನನ್ನು ನೋಡಿದಳು, ಮೇಲೆ ಹೋಗಿ ಮಳೆಕೋಟುಗಳನ್ನು ಹುಡುಕತೊಡಗಿದಳು. ಮಹಡಿಯ ಮೇಲೆ ಬೀರುವಿನ ಬಾಗಿಲು ತೆರೆಯುವ ಸದ್ದು ಕೆಳಗಿದ್ದ ನೆವಿಲ್‌ಗೆ ಕೇಳಿಸಿತು. ಎರಡು ಬೇಸಿಗೆಯೂ ಅವಳು ಬೈದಿರಲಿಲ್ಲ. ಮೂರನೆಯದಕ್ಕೂ ಬೈಯದಿದ್ದರೆ ತಾಳುವುದು ಕಷ್ಟವಿತ್ತು.

ಹಿತ್ತಿಲಿಗೆ ಬಂದು ನಿಂತವನನ್ನು ಬೇಲಿಯಾಚೆಯಿಂದ ಡೆಂಜಿಲ್ ಹೀತ್‌ಕೋಟ್ ಕಂಡ. ಡೆಂಜಿಲ್ ಜೋಡಿನೃತ್ಯ ಕಲಿಸಿ ನಿವೃತ್ತನಾದವನು, ಒಂಟಿ. ಕಸ ಹಾಕಲು ಹೊರಗೆ ಬಂದರೂ ಇಸ್ತ್ರಿ ಮಾಡಿದ ಅಂಗಿ. ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಗಾಜನ್ನು ಕಾಗದದ ಡಬ್ಬಿಗೆ ಹಾಕಿದವನಲ್ಲ. ಅಂಥವನ ಮೇಲೆ ನೆವಿಲ್‌ಗೆ ವೃತ್ತಿಸಹಜವಾದ ಗೌರವವಿತ್ತು.

ಸಂಗತಿ ಕೇಳಿ ಡೆಂಜಿಲ್ ಉಪದೇಶ ಮಾಡಲಿಲ್ಲ, ಬೆಲೆ ಎಷ್ಟೆಂದು ಕೇಳಲಿಲ್ಲ. ಆ ದಿನ ಹಾಗೆ ನಡೆದುಕೊಂಡವನು ಅವನೊಬ್ಬನೇ. "ನನ್ನ ಕಂಪ್ಯೂಟರ್ ಖಾಲಿ ಇದೆ, ಬಾ. ನಾನು ಚಹಾ ಮಾಡ್ತೀನಿ," ಎಂದ.

ಐದೂ ನಲವತ್ತು. ಡೆಂಜಿಲ್‌ನ ಕಂಪ್ಯೂಟರು ನೆವಿಲ್‌ನನ್ನು ನೀನು ಮನುಷ್ಯನೇ ಎಂದು ಕೇಳಲಿಲ್ಲ. ರಾಕ್ಷಸನ ಕೋಟೆಯ ಬಾಗಿಲು ತಾನಾಗಿ ತೆರೆದುಕೊಂಡಂತೆ ನೇರ ಒಳಗೆ ಬಿಟ್ಟುಕೊಂಡಿತು. ನೂರ ಅರವತ್ತಮೂರು ಪೌಂಡು. ಉಳಿದಿರುವುದು ಎರಡೇ ಎರಡು ಸೀಟು. ಮೂಲೆಯಲ್ಲಿ ಗಡಿಯಾರವೊಂದು ಹಿಂದಕ್ಕೆ ಓಡುತ್ತಿತ್ತು: ಎರಡು ನಿಮಿಷದಲ್ಲಿ ಮುಗಿಸದಿದ್ದರೆ ಸೀಟು ಬೇರೆಯವರ ಪಾಲು.

ಆಮೇಲೆ ನೆವಿಲ್‌ಗೆ ಏನೂ ಕಾಣಲಿಲ್ಲ. ಚೀಲ ಬೇಕೇ, ಬೇಡ. ವಿಮೆ ಬೇಕೇ, ಬೇಡ. ಬಾಡಿಗೆ ಕಾರು, ಬೇಡ. ಮೊದಲು ವಿಮಾನ ಹತ್ತುವ ಗೌರವ, ಬೇಡವೇ ಬೇಡ. ಒಂದೊಂದು ಬೇಡಕ್ಕೂ ಅದು ಮುನಿಸಿಕೊಂಡು, ನಿಜವಾಗಿಯೂ ಬೇಡವೇ ಎಂದು ಇನ್ನೊಮ್ಮೆ ಕೇಳಿತು. ಎರಡನೇ ಪ್ರಯಾಣಿಕರ ಜಾಗದಲ್ಲಿ ಲೋರ್ನಾಳ ಹೆಸರನ್ನು ಒಂದೊಂದೇ ಅಕ್ಷರ ಹುಡುಕಿ ಕುಟ್ಟಿದ. ತನ್ನ ಕಾರ್ಡಿನ ಹದಿನಾರು ಅಂಕೆ ಕುಟ್ಟಿದ. ಹನ್ನೊಂದು ಸೆಕೆಂಡು ಉಳಿದಿರುವಾಗ ಹಳದಿ ಗುಂಡಿ ಒತ್ತಿದ.

ಕಂಪ್ಯೂಟರಿನಿಂದ ತುತ್ತೂರಿಯ ಸದ್ದು ಬಂತು. ಮುಗಿಯಿತು.

ನೆವಿಲ್ ಚಹಾ ಕುಡಿಯಲೂ ನಿಲ್ಲದೆ ಬೇಲಿ ಹಾರಿದ. ಐವತ್ನಾಲ್ಕನೇ ವಯಸ್ಸಿನಲ್ಲಿ ಯಾರೂ ಬೇಲಿ ಹಾರುವುದಿಲ್ಲ. ಅವನು ಹಾರಿದ. ಮೆಟ್ಟಿಲ ಬುಡದಲ್ಲಿ ನಿಂತು ಆಯಿತೆಂದು ಕೂಗಿ ಹೇಳಿದ. ಲೋರ್ನಾ ಮಳೆಕೋಟು ಕೈಯಲ್ಲಿ ಹಿಡಿದೇ ಇಳಿದು ಬಂದು, ಅದನ್ನು ಕುರ್ಚಿಯ ಮೇಲೆ ಎಸೆದು, ಅವನ ಕೆನ್ನೆಗೆ ಮುತ್ತು ಕೊಟ್ಟಳು. ಆ ಮುತ್ತು ಸುಮಾರು ನಾಲ್ಕು ನಿಮಿಷ ಬಾಳಿತು.

ನಾಲ್ಕು ನಿಮಿಷದ ನಂತರ ಹಿತ್ತಿಲ ಬಾಗಿಲು ತಟ್ಟಿದ ಸದ್ದಾಯಿತು. ಡೆಂಜಿಲ್ ಒಂದು ಕಾಗದ ಹಿಡಿದು ನಿಂತಿದ್ದ. ಟಿಕೆಟ್ ತನ್ನ ವಿಳಾಸಕ್ಕೆ ಬಂದಿದೆ, ಅಚ್ಚು ಹಾಕಿ ತಂದೆ ಎಂದ. ಅವನ ಮುಖ ಅಂಗಿಗಿಂತ ಬೆಳ್ಳಗಿತ್ತು.

ಲೋರ್ನಾ ಓದಿದಳು. "ಸೀಟು ಹದಿನಾಲ್ಕು ಎ, ಶ್ರೀಮತಿ ಲೋರ್ನಾ ಬ್ಯಾಗ್‌ಷಾ. ಸೀಟು ಹದಿನಾಲ್ಕು ಬಿ, ಶ್ರೀ ಡೆಂಜಿಲ್ ಹೀತ್‌ಕೋಟ್."

"ಅದು ನನ್ನ ಕಂಪ್ಯೂಟರಲ್ವೇ," ಎಂದ ಡೆಂಜಿಲ್, ನೆಲ ನೋಡುತ್ತ. "ಮೊದಲನೇ ಪ್ರಯಾಣಿಕನ ಹೆಸರು ಅದೇ ತುಂಬ್ಕೊಂಡುಬಿಡುತ್ತೆ."

ಮೂವರೂ ಕಾಗದದ ಹಿಂಬದಿಯ ಸಣ್ಣಕ್ಷರಗಳ ಮೇಲೆ ಬಗ್ಗಿದರು. ಹಣ ವಾಪಸಿಲ್ಲ. ಹೆಸರಿನಲ್ಲಿ ಮೂರಕ್ಷರದವರೆಗಿನ ತಪ್ಪನ್ನು ಬಿಟ್ಟಿಯಾಗಿ ತಿದ್ದಿಕೊಡುತ್ತಾರೆ. ಪೂರ್ತಿ ಹೆಸರು ಬದಲಿಸಲು ಹೊಸ ಟಿಕೆಟಿಗಿಂತ ಹೆಚ್ಚು ಕೊಡಬೇಕು, ಅದೂ ಎರಡು ದಿನ ಅರ್ಜಿ ನೋಡಿ, ಒಪ್ಪಿದರೆ. ಹೊಸ ಟಿಕೆಟು ಎಲ್ಲಿದೆ? ವಿಮಾನ ಭರ್ತಿಯಾಗಿತ್ತು. ಮೂರಕ್ಷರ ಬದಲಿಸಿ ಡೆಂಜಿಲ್ ಹೀತ್‌ಕೋಟನನ್ನು ನೆವಿಲ್ ಬ್ಯಾಗ್‌ಷಾ ಮಾಡಲು ಸಾಧ್ಯವೇ ಎಂದು ನೆವಿಲ್ ಪೆನ್ಸಿಲು ಹಿಡಿದು ಕೂತ. ಎಷ್ಟು ಅಳಿಸಿ ಬರೆದರೂ ಡೆಂಜಿಲ್ ಡೆಂಜಿಲನಾಗಿಯೇ ಉಳಿದ.

"ನಾನು ಹೋಗಲ್ಲ ಬಿಡಿ," ಎಂದ ಡೆಂಜಿಲ್. "ಸೀಟು ಖಾಲಿ ಹೋಗಲಿ."

ಖಾಲಿ ಹೋಗಲಿ ಎಂಬ ಮಾತು ಆ ಅಡುಗೆಮನೆಯಲ್ಲಿ ಯಾರೋ ಉಗುಳಿದಂತೆ ಕೇಳಿಸಿತು. ಮುಗಿದ ಹಾಲಿನ ಬಾಟಲಿಗೂ ನೀರು ಹಾಕಿ ಕುಲುಕಿ ಚಹಾಕ್ಕೆ ಸುರಿಯುವ ಮನೆ ಅದು.

"ನೂರ ಅರವತ್ತಮೂರು ಪೌಂಡಿನ ಸೀಟು," ಎಂದಳು ಲೋರ್ನಾ. ಕಾಗದ ಮಡಿಸಿ ಮೇಜಿನ ಮೇಲಿಟ್ಟಳು. "ನಿನ್ನ ಪಾಸ್‌ಪೋರ್ಟ್ ನಡೀತಿದೆಯಾ, ಡೆಂಜಿಲ್?"

"ಇನ್ನೂ ಆರು ವರ್ಷ ಇದೆ."

"ಈಜು ಬರುತ್ತಾ?"

"ಬರುತ್ತೆ. ಮಲಗೋದು ಸೋಫಾ ಮೇಲಾದ್ರೂ ಆಗುತ್ತೆ."

"ಸೋಫಾ ಯಾಕೆ, ಬೇರೆ ಬೇರೆ ಎರಡು ಮಂಚ ಹೇಳಿದೀನಿ. ನೆವಿಲ್ ಗೊರಕೆ ಹೊಡೀತಾನೆ ಅಂತ."

ನೆವಿಲ್ ಏನೋ ಹೇಳಲು ಬಾಯಿ ತೆರೆದ. ಹಜಾರದಲ್ಲಿ ಫೋನು ರಿಂಗಾಗತೊಡಗಿತು. ಆರು ಗಂಟೆ.

"ಏನಾಯ್ತು ಬಾತು?" ಗ್ಲೆಂಡಾಳ ದನಿಯ ಹಿಂದೆ ಪೆನ್ನಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು. "ಬುಕ್ ಮಾಡಿದ್ಯಾ, ಇಲ್ಲ ಹೆಸರು ಬರ್ಕೊಳ್ಲಾ?"

"ಮಾಡಿದೆ," ಎಂದ ನೆವಿಲ್. "ಎರಡು ಸೀಟು. ಸ್ವಂತ ಬುದ್ಧಿಯಿಂದ."

ಗ್ಲೆಂಡಾಗೆ ಸೋತು ಅಭ್ಯಾಸವಿರಲಿಲ್ಲ. "ಹಂಗಾದ್ರೆ ಈ ಸಲ ಕ್ಯಾರವಾನು ಬೇಡ ಅನ್ನು."

ನೆವಿಲ್ ಅಡುಗೆಮನೆಯ ಕಡೆ ತಿರುಗಿ ನೋಡಿದ. ಕೆಫಲೋನಿಯದಲ್ಲಿ ಸಂಜೆ ಹೊತ್ತು ಜನ ಚೌಕದಲ್ಲಿ ಕುಣಿಯುತ್ತಾರಂತೆ, ನಿಜವೇ ಎಂದು ಲೋರ್ನಾ ಕೇಳುತ್ತಿದ್ದಳು. ಅದು ಕಷ್ಟವೇನಿಲ್ಲ, ಇಲ್ಲೇ ಕಲಿಸಿಕೊಡಬಹುದು ಎಂದು ಡೆಂಜಿಲ್ ಕುರ್ಚಿಯ ಮೇಲಿದ್ದ ಮಳೆಕೋಟನ್ನು ನೀಟಾಗಿ ಮಡಿಸಿ ಪಕ್ಕಕ್ಕಿಟ್ಟು, ಕುರ್ಚಿಗಳನ್ನು ಸರಿಸಿ ಜಾಗ ಮಾಡುತ್ತಿದ್ದ.

"ಬೇಕು, ಗ್ಲೆಂಡಾ," ಎಂದ ನೆವಿಲ್. "ಒಬ್ಬರಿಗೆ ಬರ್ಕೋ."